ಪ್ಯಾನೆಲ್ ಎದುರು ಕೂರುವ ಹೊಸ ನರ್ಸ್‌ಗೆ

ನರ್ಸಿಂಗ್ ಓದು ಮುಗಿಸಿ ಮೊದಲ ಕೆಲಸದ ಸಂದರ್ಶನಕ್ಕೆ ಹೊರಟವರು ಹಿರಿಯ ನರ್ಸ್‌ಗಳನ್ನು ಕಂಡಾಗ ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: ‘ಅಲ್ಲಿ ಏನೇನು ಕೇಳುತ್ತಾರೆ ಸಿಸ್ಟರ್?’ ಎದುರಿಗೆ ನಾಲ್ಕೈದು ಮಂದಿ ಸಾಲಾಗಿ ಕೂತಿರುತ್ತಾರೆ, ಪಕ್ಕದ ಕುರ್ಚಿಗಳಲ್ಲಿ ಅದೇ ಕೆಲಸಕ್ಕೆ ಬಂದ ಇತರ ಅಭ್ಯರ್ಥಿಗಳೂ ಇರುತ್ತಾರೆ ಎಂದು ತಿಳಿದ ಮೇಲಂತೂ ಆ ಪ್ರಶ್ನೆಯ ಹಿಂದಿನ ಆತಂಕ ಇಮ್ಮಡಿಯಾಗುತ್ತದೆ. ನೂರು ಪ್ರಶ್ನೆ, ನೂರು ಉತ್ತರಗಳ ಪಟ್ಟಿ ಹಿಡಿದು ಬಾಯಿಪಾಠ ಮಾಡುವವರನ್ನು ನಾನು ಕಂಡಿದ್ದೇನೆ. ಹಾಗೆ ಕಲಿತ ಉತ್ತರ ಕೊಡುವ ಧೈರ್ಯ ಮೊದಲ ಮರುಪ್ರಶ್ನೆಗೇ ಕರಗಿಹೋಗುವುದನ್ನೂ ಕಂಡಿದ್ದೇನೆ. ಬಹುಕಾಲ ವಾರ್ಡ್‌ನಲ್ಲಿ ದುಡಿದು, ಈಚಿನ ವರ್ಷಗಳಲ್ಲಿ ಸಂದರ್ಶನ ನಡೆಸುವ ಪ್ಯಾನೆಲ್‌ನ ಒಂದು ಕುರ್ಚಿಯಲ್ಲಿ ಕೂರುವ ಹೊಣೆಯನ್ನೂ ಹೊತ್ತ ಮೇಲೆ ನನಗೆ ಮನವರಿಕೆಯಾಗಿರುವ ಸಂಗತಿ ಇಷ್ಟು: ಎಷ್ಟೇ ಬಗೆಯಲ್ಲಿ ಪ್ರಶ್ನೆ ಕೇಳಿದರೂ ಪ್ಯಾನೆಲ್ ಹುಡುಕುತ್ತಿರುವುದು ಮುಖ್ಯವಾಗಿ ಒಂದನ್ನೇ. ಈ ವ್ಯಕ್ತಿ ರೋಗಿಯ ಬಳಿ ಒಬ್ಬರೇ ಇರುವ ಹೊತ್ತಿನಲ್ಲಿ, ತನಗೆ ಕಂಡದ್ದನ್ನೂ ತನಗೆ ತಿಳಿಯದ್ದನ್ನೂ, ತಡವಾಗುವ ಮೊದಲೇ, ಹೇಳಬೇಕಾದವರಿಗೆ ಬಾಯಿಬಿಟ್ಟು ಹೇಳುತ್ತಾರೆಯೇ? ಸಿದ್ಧತೆ ಎಂಬುದು ಈ ಪ್ರಶ್ನೆಗೆ ನಿಮ್ಮ ಅನುಭವದಿಂದಲೇ ಉತ್ತರ ತೆಗೆದುಕೊಡಬಲ್ಲ ಸ್ಥಿತಿಗೆ ಬರುವುದು.

ಗುಂಪು ಸಂದರ್ಶನ ಎಂದು ಕರೆಯುವುದರಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಅಭ್ಯರ್ಥಿ ಒಬ್ಬರೇ, ಪ್ರಶ್ನಿಸುವವರು ಹಲವರು. ಇನ್ನೊಂದರಲ್ಲಿ ಅಭ್ಯರ್ಥಿಗಳೂ ಹಲವರು; ಅವರಿಗೆ ಸರದಿಯಂತೆ ಪ್ರಶ್ನೆ ಕೇಳುವುದಲ್ಲದೆ, ಎಲ್ಲರೂ ಸೇರಿ ಚರ್ಚಿಸಿ ಒಂದು ತೀರ್ಮಾನಕ್ಕೆ ಬರಬೇಕಾದ ಕೆಲಸವನ್ನೂ ಕೊಡುತ್ತಾರೆ. ಕರೆ ಬಂದ ಕೂಡಲೇ ಇವೆರಡರಲ್ಲಿ ಯಾವುದು, ಎಷ್ಟು ಹೊತ್ತಿನದು, ಎದುರಿಗೆ ಯಾರು ಯಾರು ಇರುತ್ತಾರೆ ಎಂದು ಸಂಸ್ಥೆಯನ್ನೇ ವಿನಯದಿಂದ ಕೇಳಿ ತಿಳಿಯುವುದರಲ್ಲಿ ತಪ್ಪೇನೂ ಇಲ್ಲ. ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ವಾರ್ಡ್‌ನ ಹೊಣೆ ಹೊತ್ತ ನರ್ಸ್, ನರ್ಸಿಂಗ್ ವಿಭಾಗದ ಮೇಲಧಿಕಾರಿ, ಹೊಸಬರಿಗೆ ತರಬೇತಿ ಕೊಡುವವರು, ಸಿಬ್ಬಂದಿ ವಿಭಾಗದವರು ಇರುತ್ತಾರೆ. ಕೆಲವೆಡೆ ಒಬ್ಬ ವೈದ್ಯರು, ಕೆಲವೆಡೆ ಅದೇ ವಾರ್ಡ್‌ನಲ್ಲಿ ದುಡಿಯುವ ಸ್ಟಾಫ್ ನರ್ಸ್ ಕೂಡ ಇರುತ್ತಾರೆ. ಒಂದೇ ಉತ್ತರವನ್ನು ಇವರೆಲ್ಲ ಬೇರೆ ಬೇರೆ ಕಿವಿಯಿಂದ ಕೇಳುತ್ತಾರೆ. ವಾರ್ಡ್‌ನ ಹೊಣೆಗಾರರಿಗೆ ಈ ಹುಡುಗಿಯನ್ನೋ ಹುಡುಗನನ್ನೋ ನಂಬಿ ರಾತ್ರಿ ಪಾಳಿ ಹಾಕಬಹುದೇ ಎಂಬ ಯೋಚನೆ. ತರಬೇತಿ ಕೊಡುವವರಿಗೆ ತಿದ್ದಿದರೆ ತಿದ್ದಿಕೊಳ್ಳುತ್ತಾರೆಯೇ ಎಂಬ ಯೋಚನೆ. ಸ್ಟಾಫ್ ನರ್ಸ್‌ಗೆ ಕೆಲಸದ ಒತ್ತಡದ ನಡುವೆ ಇವರು ಹೆಗಲು ಕೊಡುತ್ತಾರೆಯೇ ಎಂಬ ಯೋಚನೆ. ಆ ಕೋಣೆಯಲ್ಲಿ ಎಲ್ಲರನ್ನೂ ಮೆಚ್ಚಿಸುವ ಒಂದು ಉತ್ತರವನ್ನು ಹುಡುಕಲು ಹೋಗುವುದು ವ್ಯರ್ಥ. ನಡೆದದ್ದನ್ನು ನಡೆದಂತೆ, ವಿವರ ತಪ್ಪದಂತೆ ಹೇಳಿದರೆ ಪ್ರತಿಯೊಬ್ಬರಿಗೂ ಬೇಕಾದದ್ದು ಅದರಲ್ಲೇ ಸಿಗುತ್ತದೆ.

ಈ ಪದ್ಧತಿಗೆ ಒಂದು ಹಿನ್ನೆಲೆ ಇದೆ. ಅದನ್ನು ತಿಳಿದರೆ ಭಯ ಸ್ವಲ್ಪ ತಗ್ಗುತ್ತದೆ ಎಂಬ ಕಾರಣಕ್ಕೆ ಹೇಳುತ್ತೇನೆ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷ್ ಸೇನೆ ಅಧಿಕಾರಿಗಳನ್ನು ಆರಿಸಲು ಹೊಸ ಆಯ್ಕೆ ಮಂಡಳಿಗಳನ್ನು ರಚಿಸಿತು. ಮನೋವೈದ್ಯ ವಿಲ್‌ಫ್ರೆಡ್ ಬಿಯಾನ್ ಅಲ್ಲಿ ನಾಯಕನಿಲ್ಲದ ಗುಂಪಿನ ಪರೀಕ್ಷೆಯನ್ನು ರೂಪಿಸಿದರು: ಒಂದಿಷ್ಟು ಮಂದಿಗೆ ಒಂದು ಕೆಲಸ ಕೊಟ್ಟು, ಯಾರನ್ನೂ ಮುಖ್ಯಸ್ಥರೆಂದು ನೇಮಿಸದೆ, ಅವರು ಪರಸ್ಪರ ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡುವುದು. ತಾನು ಗೆಲ್ಲಬೇಕೆಂಬ ಆಸೆಯೂ ಗುಂಪಿನ ಕೆಲಸ ಆಗಬೇಕೆಂಬ ಅಗತ್ಯವೂ ಎದುರಾಬದುರಾದಾಗ ಮನುಷ್ಯ ಯಾವ ಕಡೆ ವಾಲುತ್ತಾನೆ ಎಂಬುದು ಅಲ್ಲಿ ಬಯಲಾಗುತ್ತಿತ್ತು. ಪ್ರಶ್ನೆಗಳ ಬಗೆಯೂ ಅದೇ ಕಾಲದ ಕೂಸು. ಅಮೆರಿಕದ ಮನೋವಿಜ್ಞಾನಿ ಜಾನ್ ಫ್ಲಾನಗನ್ ಯುದ್ಧಕಾಲದಲ್ಲಿ ವಾಯುಪಡೆಯ ವೈಮಾನಿಕರ ಕುರಿತು ಮಾಡಿದ ಕೆಲಸದಿಂದ ಬೆಳೆಸಿ, 1954ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಒಂದು ಕೆಲಸವನ್ನು ಅರಿಯಲು ಆ ಕೆಲಸದಲ್ಲಿ ನಿಜವಾಗಿ ನಡೆದ ನಿರ್ಣಾಯಕ ಘಟನೆಗಳನ್ನು ಕಲೆಹಾಕಬೇಕು ಎಂದಿತ್ತು. ‘ನೀವು ಎಂಥವರು?’ ಎಂದು ಕೇಳುವ ಬದಲು ‘ಹೀಗೆ ಆದಾಗ ನೀವು ಏನು ಮಾಡಿದಿರಿ?’ ಎಂದು ಇಂದಿನ ಪ್ಯಾನೆಲ್‌ಗಳು ಕೇಳುವುದಕ್ಕೂ ಆ ವಿಚಾರಕ್ಕೂ ನೇರ ನಂಟಿದೆ.

ಪ್ಯಾನೆಲ್‌ನವರು ನಗುವುದಿಲ್ಲ, ತಲೆ ಬಗ್ಗಿಸಿ ಬರೆಯುತ್ತಲೇ ಇರುತ್ತಾರೆ, ಒಳ್ಳೆಯ ಉತ್ತರ ಕೊಟ್ಟೆನೋ ಇಲ್ಲವೋ ತಿಳಿಯುವುದೇ ಇಲ್ಲ ಎಂದು ಹಲವರು ಹೇಳುತ್ತಾರೆ. ಇದಕ್ಕೂ ಕಾರಣವಿದೆ. ಎಲ್ಲರಿಗೂ ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿ, ಮೊದಲೇ ಗೊತ್ತುಪಡಿಸಿದ ಅಳತೆಯಂತೆ ಅಂಕ ಹಾಕುವ ಸಂದರ್ಶನ, ಮನಸ್ಸಿಗೆ ಬಂದಂತೆ ಮಾತನಾಡಿಸುವ ಸಂದರ್ಶನಕ್ಕಿಂತ ಮುಂದಿನ ಕೆಲಸದ ಗುಣಮಟ್ಟವನ್ನು ಚೆನ್ನಾಗಿ ಅಂದಾಜು ಮಾಡುತ್ತದೆ. ಹಲವು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಶ್ಮಿಟ್ ಮತ್ತು ಹಂಟರ್ 1998ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಸಂದರ್ಶನದ ಅಂಕಕ್ಕೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಇರುವ ನಂಟಿನ ಅಳತೆ (ಸಹಸಂಬಂಧ; ಪೂರ್ತಿ ಹೊಂದಿದರೆ 1) ಮೊದಲನೆಯದರಲ್ಲಿ 0.51, ಎರಡನೆಯದರಲ್ಲಿ 0.38 ಎಂದು ಬಂದಿತ್ತು. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಲೆಕ್ಕವನ್ನು ಪರಿಷ್ಕರಿಸಿದಾಗ ಮೊದಲನೆಯದರ ಅಂಕಿ 0.42ಕ್ಕೆ ಇಳಿದರೂ ಆಯ್ಕೆಯ ವಿಧಾನಗಳಲ್ಲಿ ಅದೇ ಮೇಲಿನ ಸ್ಥಾನದಲ್ಲಿ ನಿಂತಿತು. ಆದ್ದರಿಂದ ಆ ಬಿಗಿಮುಖಕ್ಕೆ ನಿಮ್ಮ ಮೇಲಿನ ಅಸಮಾಧಾನ ಕಾರಣವಲ್ಲ. ನಿಮಗೂ ನಿಮ್ಮ ನಂತರ ಬರುವವರಿಗೂ ಒಂದೇ ತಕ್ಕಡಿ ಇರಲಿ ಎಂಬ ಎಚ್ಚರ ಅದು. ಇದರಿಂದ ಅಭ್ಯರ್ಥಿಗೆ ಆಗುವ ಇನ್ನೊಂದು ಉಪಕಾರವನ್ನು ಯಾರೂ ಹೇಳಿಕೊಡುವುದಿಲ್ಲ. ಒಬ್ಬರ ಒಂದು ಗುಣ ಮೆಚ್ಚಿಗೆಯಾದರೆ ಉಳಿದ ಗುಣಗಳಿಗೂ ಹೆಚ್ಚು ಅಂಕ ಬೀಳುವ ಪ್ರವೃತ್ತಿಯನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಸೇನೆಯ ಮೌಲ್ಯಮಾಪನಗಳಲ್ಲಿ ಗುರುತಿಸಿದ್ದರು. ಪ್ರತಿ ಪ್ರಶ್ನೆಗೂ ಪ್ರತ್ಯೇಕವಾಗಿ ಅಂಕ ಬರೆಯುವುದು ಅದಕ್ಕೆ ಹಾಕಿದ ಕಡಿವಾಣ. ಎರಡನೆಯ ಪ್ರಶ್ನೆಯಲ್ಲಿ ನೀವು ತಡವರಿಸಿದರೆ ಅದು ಎರಡನೆಯ ಪ್ರಶ್ನೆಯ ಅಂಕಕ್ಕೆ ಮಾತ್ರ ಸೇರಿದ್ದು. ಮೂರನೆಯ ಪ್ರಶ್ನೆ ಕೇಳುವಾಗ ನಿಮ್ಮ ಮನಸ್ಸು ಹಿಂದಿನದರಲ್ಲೇ ಕೊರಗುತ್ತಿದ್ದರೆ ನಷ್ಟ ನಿಮಗೇ.

ಇನ್ನು ಸಿದ್ಧತೆಯ ಮಾತು. ಓದಿನ ಭಾಗವಾಗಿ ಆಸ್ಪತ್ರೆಯಲ್ಲಿ ಕೆಲಸ ಕಲಿತ ಕ್ಲಿನಿಕಲ್ ಪೋಸ್ಟಿಂಗ್‌ಗಳ ಕಾಲದ ನೋಟ್ಸ್, ಡೈರಿ, ನೆನಪು ಎಲ್ಲವನ್ನೂ ಮುಂದಿಟ್ಟುಕೊಂಡು, ನೀವು ಕಣ್ಣಾರೆ ಕಂಡ, ಕೈಯಾರೆ ಮಾಡಿದ ಘಟನೆಗಳನ್ನು ಬರೆದುಕೊಳ್ಳಿ. ಆರೇಳು ಘಟನೆಗಳು ಸಾಕು. ಆದರೆ ಅವು ಬೇರೆ ಬೇರೆ ಮುಖದವಾಗಿರಲಿ. ರೋಗಿಯ ಸ್ಥಿತಿ ಬದಲಾದದ್ದನ್ನು ನೀವು ಗಮನಿಸಿದ್ದು, ಸಿಟ್ಟಿಗೆದ್ದ ಸಂಬಂಧಿಕರೊಂದಿಗೆ ಮಾತನಾಡಿದ್ದು, ಒಟ್ಟಿಗೆ ಹಲವು ಕೆಲಸ ಬಿದ್ದಾಗ ಯಾವುದನ್ನು ಮೊದಲು ಹಿಡಿದದ್ದು, ಯಾರೋ ನಿಮ್ಮನ್ನು ತಿದ್ದಿದಾಗ ನೀವು ಸ್ವೀಕರಿಸಿದ್ದು, ನಿಮಗೆ ತಿಳಿಯದ್ದನ್ನು ಕೇಳಿ ಕಲಿತದ್ದು, ಜೊತೆಯವರೊಂದಿಗೆ ಭಿನ್ನಾಭಿಪ್ರಾಯ ಬಂದದ್ದು. ಪ್ಯಾನೆಲ್‌ನ ಪ್ರಶ್ನೆ ಹೇಗೇ ಬಂದರೂ ಇವುಗಳಲ್ಲಿ ಒಂದು ಅದಕ್ಕೆ ಹೊಂದುತ್ತದೆ. ಹೇಳುವ ಕ್ರಮಕ್ಕೆ ಸ್ಟಾರ್ ಎಂಬ ಚೌಕಟ್ಟು ಎಲ್ಲೆಡೆ ಬಳಕೆಯಲ್ಲಿದೆ: ಮೊದಲು ಸಂದರ್ಭ, ಆಮೇಲೆ ಅದರಲ್ಲಿ ನಿಮ್ಮ ಹೊಣೆ, ನಂತರ ನೀವು ಕೈಗೊಂಡ ಕ್ರಮ, ಕೊನೆಗೆ ಫಲಿತಾಂಶ. ಚೌಕಟ್ಟು ಒಳ್ಳೆಯದೇ. ಆದರೆ ಸಂದರ್ಭವನ್ನು ಹೇಳುವುದರಲ್ಲೇ ಮುಕ್ಕಾಲು ಸಮಯ ಕಳೆದು, ತಾವು ಮಾಡಿದ್ದನ್ನು ಒಂದೇ ವಾಕ್ಯದಲ್ಲಿ ಮುಗಿಸುವವರೇ ಹೆಚ್ಚು. ಅಂಕ ಇರುವುದು ಕ್ರಮದಲ್ಲಿ. ಸಮಯವನ್ನೂ ಅಲ್ಲಿಯೇ ಖರ್ಚು ಮಾಡಬೇಕು.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ರೋಗಿಯ ಸ್ಥಿತಿ ಹದಗೆಟ್ಟದ್ದನ್ನು ನೀವು ಗುರುತಿಸಿದ ಸಂದರ್ಭ ಹೇಳಿ ಎಂದು ಕೇಳಿದರು ಎಂದುಕೊಳ್ಳಿ. ‘ಶಸ್ತ್ರಚಿಕಿತ್ಸೆಯಾದ ರೋಗಿಯೊಬ್ಬರಿಗೆ ತೊಂದರೆಯಾಯಿತು, ನಾನು ತಕ್ಷಣ ಸಿಸ್ಟರ್‌ಗೆ ತಿಳಿಸಿದೆ, ಎಲ್ಲರೂ ಸೇರಿ ನೋಡಿಕೊಂಡೆವು, ರೋಗಿ ಗುಣವಾದರು’ ಎಂಬ ಉತ್ತರದಲ್ಲಿ ಸುಳ್ಳೇನೂ ಇಲ್ಲದಿರಬಹುದು, ಆದರೆ ಅದರಲ್ಲಿ ಹೇಳುತ್ತಿರುವ ವ್ಯಕ್ತಿಯೇ ಇಲ್ಲ. ಅದೇ ಘಟನೆಯನ್ನು ಇನ್ನೊಬ್ಬರು ಹೇಳುವ ಬಗೆ ಬೇರೆ: ಶಸ್ತ್ರಚಿಕಿತ್ಸೆಯ ಮರುದಿನ ಬಿ.ಪಿ. ನೋಡಲು ಹೋದಾಗ ರೋಗಿ ಹಿಂದಿನ ದಿನದಂತೆ ಮಾತನಾಡಲಿಲ್ಲ, ಹಾಸಿಗೆಯಲ್ಲಿ ಸುಮ್ಮನೆ ಹೊರಳಾಡುತ್ತಿದ್ದರು. ಚಾರ್ಟ್‌ನಲ್ಲಿ ಉಸಿರಾಟ 18 ಎಂದಿತ್ತು, ಪೂರ್ತಿ ಒಂದು ನಿಮಿಷ ಎಣಿಸಿದಾಗ 26 ಬಂತು. ಆಮ್ಲಜನಕದ ಪ್ರಮಾಣ, ನಾಡಿ ಎರಡನ್ನೂ ಮತ್ತೆ ನೋಡಿ, ತಲೆಯ ಕಡೆ ಹಾಸಿಗೆ ಎತ್ತರಿಸಿ, ರೋಗಿಯನ್ನು ಒಬ್ಬರನ್ನೇ ಬಿಡದೆ ಕರೆಗಂಟೆ ಒತ್ತಿ, ಬಂದ ಸ್ಟಾಫ್ ನರ್ಸ್‌ಗೆ ಹಿಂದಿನ ಅಂಕಿ ಮತ್ತು ಈಗಿನ ಅಂಕಿ ಎರಡನ್ನೂ ಹೇಳಿದೆ. ಈ ಹೇಳಿಕೆಯಲ್ಲಿ ಗುಂಪು ಮಾಡಿದ್ದು ಯಾವುದು, ತಾನು ಮಾಡಿದ್ದು ಯಾವುದು ಎಂಬುದು ಸ್ಪಷ್ಟವಾಗಿದೆ. ಉಸಿರಾಟವನ್ನು ಎಣಿಸದೆ ಹಿಂದಿನ ಅಂಕಿಯನ್ನೇ ಮತ್ತೆ ಬರೆಯುವ ಅಭ್ಯಾಸ ವಾರ್ಡ್‌ಗಳಲ್ಲಿ ಎಷ್ಟು ಅಪಾಯಕಾರಿ ಎಂದು ಬಲ್ಲ ಪ್ಯಾನೆಲ್‌ಗೆ ‘ಪೂರ್ತಿ ಒಂದು ನಿಮಿಷ ಎಣಿಸಿದೆ’ ಎಂಬ ಮಾತೊಂದೇ ಎಷ್ಟನ್ನೋ ತಿಳಿಸುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ, ರೋಗಿಯ ಸ್ಥಿತಿ ಹದಗೆಡುವುದನ್ನು ಅಂಕಗಳಿಂದ ಗುರುತಿಸುವ ಮುನ್ನೆಚ್ಚರಿಕೆ ಅಂಕಪಟ್ಟಿಯಲ್ಲಿ ಉಸಿರಾಟ ನಿಮಿಷಕ್ಕೆ 25 ಅಥವಾ ಹೆಚ್ಚಾದರೆ ಅದೊಂದಕ್ಕೇ 3 ಅಂಕ. ಆ ಒಂದೇ ಅಂಕಿಯ ಮೇಲೆ ರೋಗಿಯನ್ನು ತುರ್ತಾಗಿ ಪರೀಕ್ಷಿಸಬೇಕು. ಇಂಥ ಅಳತೆಗಳಲ್ಲಿ ನೀವು ಅರ್ಜಿ ಹಾಕಿದ ಸಂಸ್ಥೆ ಯಾವುದನ್ನು ಬಳಸುತ್ತದೆ ಎಂದು ತಿಳಿದು ಹೋಗುವುದು ಉತ್ತಮ.

ಇಲ್ಲೊಂದು ಎಚ್ಚರಿಕೆ ಬಹಳ ಮುಖ್ಯ. ಘಟನೆಯನ್ನು ಎಷ್ಟೇ ವಿವರವಾಗಿ ಹೇಳಿದರೂ ರೋಗಿಯ ಹೆಸರು, ಊರು, ಹಾಸಿಗೆ ಸಂಖ್ಯೆ, ಗುರುತು ಹಿಡಿಯಬಹುದಾದ ಬೇರೆ ಯಾವ ವಿವರವೂ ಬಾಯಿಂದ ಬರಕೂಡದು. ಪ್ಯಾನೆಲ್ ಎದುರು ರೋಗಿಯ ಗುಟ್ಟನ್ನು ಕಾಯಲಾಗದವರು ಲಿಫ್ಟ್‌ನಲ್ಲಿ, ಊಟದ ಕೋಣೆಯಲ್ಲಿ ಕಾಯುತ್ತಾರೆಂದು ನಂಬುವುದು ಕಷ್ಟ. ಹಾಗೆಯೇ ತರಬೇತಿ ಪಡೆದ ಸಂಸ್ಥೆಯನ್ನೋ ಅಲ್ಲಿನ ಹಿರಿಯರನ್ನೋ ದೂರುತ್ತ ಕಥೆ ಕಟ್ಟುವುದನ್ನು ಯಾವ ಪ್ಯಾನೆಲ್ ಕೂಡ ಇಷ್ಟಪಡುವುದಿಲ್ಲ.

‘ನನಗೆ ಅನುಭವವೇ ಇಲ್ಲವಲ್ಲ, ಘಟನೆ ಎಲ್ಲಿಂದ ತರಲಿ?’ ಎಂದು ಹೊಸಬರು ಕುಗ್ಗುತ್ತಾರೆ. ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರಿಷಿಯಾ ಬೆನ್ನರ್ 1980ರ ದಶಕದಲ್ಲಿ ನರ್ಸ್ ಒಬ್ಬರ ಬೆಳವಣಿಗೆಯನ್ನು ಏನೂ ಅರಿಯದ ಹೊಸಬರಿಂದ ನುರಿತವರವರೆಗೆ ಐದು ಹಂತಗಳಾಗಿ ವಿವರಿಸಿದರು; ಓದು ಮುಗಿಸಿ ಬಂದವರು ಅದರಲ್ಲಿ ಎರಡನೆಯ ಮೆಟ್ಟಿಲಿನ ಆಸುಪಾಸಿನಲ್ಲಿರುತ್ತಾರೆ. ಇದು ಪ್ಯಾನೆಲ್‌ಗೆ ಗೊತ್ತು. ಹತ್ತು ವರ್ಷ ದುಡಿದವರ ನಿರ್ಧಾರಶಕ್ತಿಯನ್ನು ಅವರು ನಿಮ್ಮಲ್ಲಿ ಹುಡುಕುತ್ತಿಲ್ಲ. ನುರಿತವರ ಮಾತನ್ನು ಎರವಲು ತಂದು, ಮಾಡದ ಕೆಲಸವನ್ನು ಮಾಡಿದೆನೆಂದು ಹೇಳುವ ಹೊಸಬರನ್ನು ಕಂಡರೆ ಅವರಿಗೆ ಭಯವಾಗುತ್ತದೆ, ಅಷ್ಟೆ. ಔಷಧವೊಂದರ ಪ್ರಮಾಣವನ್ನೋ ಅಪರೂಪದ ಉಪಕರಣವನ್ನೋ ಕುರಿತು ಕೇಳಿ, ನಿಮಗೆ ತಿಳಿಯದಿದ್ದರೆ, ‘ಇದು ನನಗೆ ತಿಳಿಯದು, ವಾರ್ಡ್‌ನಲ್ಲಾದರೆ ಔಷಧ ಕೈಪಿಡಿ ನೋಡುತ್ತೇನೆ, ಔಷಧ ವಿಭಾಗವನ್ನೋ ಹಿರಿಯ ನರ್ಸ್‌ರನ್ನೋ ಕೇಳಿ ಖಚಿತವಾದ ಮೇಲೆಯೇ ಕೊಡುತ್ತೇನೆ’ ಎಂದು ಹೇಳುವುದು ಪೂರ್ಣ ಉತ್ತರ. ಅದನ್ನು ಕ್ಷಮೆ ಕೇಳುವ ದನಿಯಲ್ಲಿ ಹೇಳಬೇಕಾಗಿಲ್ಲ.

ತಪ್ಪಿನ ಪ್ರಶ್ನೆಗೆ ಬಹಳ ಮಂದಿ ಅಂಜುತ್ತಾರೆ. ‘ನೀವು ಮಾಡಿದ ಒಂದು ತಪ್ಪನ್ನು ಹೇಳಿ’ ಎಂದು ಕೇಳಿದಾಗ ‘ನನ್ನಿಂದ ಅಂಥದ್ದೇನೂ ಆಗಿಲ್ಲ’ ಎನ್ನುವುದು ಸುರಕ್ಷಿತ ಉತ್ತರವೆಂದು ಅವರಿಗೆ ತೋರುತ್ತದೆ. ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಕಳವಳಕಾರಿ ಉತ್ತರ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರ ವರದಿಯಲ್ಲಿ ಆ ದೇಶದ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಿರಬಹುದೆಂದು ಅಂದಾಜಿಸಿತು. ಬಹುಪಾಲು ತಪ್ಪುಗಳ ಮೂಲ ಒಬ್ಬ ವ್ಯಕ್ತಿಯ ಬೇಜವಾಬ್ದಾರಿಯಲ್ಲಿ ಇರುವುದಿಲ್ಲ, ತಪ್ಪಿಗೆ ದಾರಿ ಮಾಡಿಕೊಡುವ ವ್ಯವಸ್ಥೆಯಲ್ಲಿ ಇರುತ್ತದೆ ಎಂಬುದೇ ಆ ವರದಿಯ ಮುಖ್ಯ ಮಾತಾಗಿತ್ತು. ವ್ಯವಸ್ಥೆ ಸರಿಹೋಗಬೇಕಾದರೆ ತಪ್ಪು ವರದಿಯಾಗಬೇಕು. ವರದಿಯಾಗಬೇಕಾದರೆ ಅದನ್ನು ಕಂಡವರು ಹೇಳಬೇಕು. ಹಾಗಾಗಿ ಈ ಪ್ರಶ್ನೆಯಲ್ಲಿ ಅವರು ತೂಗಿ ನೋಡುವುದು ನೀವು ಏನನ್ನು ತಪ್ಪಿದಿರಿ ಎಂಬುದಕ್ಕಿಂತ, ಗೊತ್ತಾದ ಮೇಲಿನ ಮೊದಲ ಕೆಲವು ನಿಮಿಷಗಳಲ್ಲಿ ಏನು ಮಾಡಿದಿರಿ ಎಂಬುದನ್ನು. ಮೊದಲು ರೋಗಿಯನ್ನು ನೋಡಿದಿರಾ, ಯಾರಿಗೆ ತಿಳಿಸಿದಿರಿ, ಬರೆದಿಟ್ಟಿರಾ, ಆ ಮೇಲೆ ನಿಮ್ಮ ಅಭ್ಯಾಸದಲ್ಲಿ ಏನು ಬದಲಾಯಿತು? ಔಷಧ ಕೊಡುವ ಮುನ್ನ ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂದು ನೋಡುವ ಪಾಠವನ್ನು ಎಲ್ಲರೂ ಒಪ್ಪಿಸಬಲ್ಲರು. ಕೊಡುವ ಮುನ್ನವೇ ಗಮನಕ್ಕೆ ಬಂದು ತಪ್ಪಿಹೋದ ಅನಾಹುತವೊಂದನ್ನು ಈ ನಾಲ್ಕು ಪ್ರಶ್ನೆಗಳ ಕ್ರಮದಲ್ಲಿ ಹೇಳಬಲ್ಲವರು ಕಡಿಮೆ. ವಿದ್ಯಾರ್ಥಿ ದೆಸೆಯಲ್ಲಿ ಇಂಥದ್ದು ಒಂದಾದರೂ ಎಲ್ಲರಿಗೂ ಎದುರಾಗಿರುತ್ತದೆ.

ನಾನು ಆರಂಭದಲ್ಲಿ ಹೇಳಿದ ಮುಖ್ಯ ಪ್ರಶ್ನೆ ನೇರವಾಗಿಯೇ ಬರುವುದೂ ಉಂಟು. ರಾತ್ರಿ ಎರಡು ಗಂಟೆಗೆ ರೋಗಿಯೊಬ್ಬರ ಸ್ಥಿತಿ ನಿಮಗೆ ಸರಿಕಾಣುತ್ತಿಲ್ಲ, ಕರೆ ಮಾಡಿದಾಗ ವೈದ್ಯರು ಬೆಳಿಗ್ಗೆ ನೋಡೋಣ ಎನ್ನುತ್ತಾರೆ, ಏನು ಮಾಡುತ್ತೀರಿ? ಇದಕ್ಕೆ ಎರಡು ಭಾಗದ ಉತ್ತರ ಬೇಕು. ಮೊದಲನೆಯದು, ಕರೆಯನ್ನೇ ಹೇಗೆ ಮಾಡಿದಿರಿ ಎಂಬುದು. ಎಸ್‌ಬಿಎಆರ್ ಎಂಬ ಕ್ರಮ ಅಮೆರಿಕದ ನೌಕಾಪಡೆಯ ಪರಮಾಣು ಜಲಾಂತರ್ಗಾಮಿಗಳಿಂದ ಹೊರಟು, 2000ರ ದಶಕದ ಆರಂಭದಲ್ಲಿ ಅಲ್ಲಿನ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯ ಮೂಲಕ ಆಸ್ಪತ್ರೆಗಳಿಗೆ ಬಂದದ್ದು: ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಕೋರಿಕೆ. ಮೊದಲ ಮೂರನ್ನು ಹೊಸಬರು ಚೆನ್ನಾಗಿಯೇ ಹೇಳುತ್ತಾರೆ. ನಾಲ್ಕನೆಯದಕ್ಕೆ ಬಂದಾಗ ನಾಲಿಗೆ ತಡೆಯುತ್ತದೆ. ‘ನೀವು ಈಗಲೇ ಬಂದು ನೋಡಬೇಕೆಂದು ಕೇಳುತ್ತಿದ್ದೇನೆ’ ಎಂಬ ವಾಕ್ಯವನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡದಿದ್ದರೆ ರಾತ್ರಿ ಎರಡು ಗಂಟೆಗೆ ಅದು ಹೊರಡುವುದಿಲ್ಲ. ಎರಡನೆಯ ಭಾಗ, ಒಪ್ಪದಿದ್ದಾಗ ಏನು ಎಂಬುದು. ಅಮೆರಿಕದಲ್ಲಿ 2006ರಲ್ಲಿ ಬಿಡುಗಡೆಯಾದ ಟೀಮ್‌ಸ್ಟೆಪ್ಸ್ ತರಬೇತಿಯಲ್ಲಿ ಇದಕ್ಕೆ ಏರುವ ಮೆಟ್ಟಿಲುಗಳಂತಹ ಮಾತುಗಳನ್ನು ಕಲಿಸುತ್ತಾರೆ: ನನಗೆ ಆತಂಕವಾಗಿದೆ, ಇದು ನನ್ನ ಮನಸ್ಸಿಗೆ ಒಪ್ಪುತ್ತಿಲ್ಲ, ಇದು ರೋಗಿಯ ಸುರಕ್ಷತೆಯ ಪ್ರಶ್ನೆ. ಮೊದಲ ಸಲ ಕಿವಿಗೊಡದಿದ್ದರೆ ಎರಡನೆಯ ಸಲ ಸ್ಪಷ್ಟವಾಗಿ ಹೇಳಬೇಕು. ಆಗಲೂ ಆಗದಿದ್ದರೆ ವಾರ್ಡ್‌ನ ಹೊಣೆ ಹೊತ್ತ ನರ್ಸ್‌ಗೆ, ಅವರ ಮೂಲಕ ಮೇಲಿನವರಿಗೆ ಅಥವಾ ತುರ್ತು ತಂಡಕ್ಕೆ ತಿಳಿಸಬೇಕು. ಎಲ್ಲವನ್ನೂ ಸಮಯದೊಂದಿಗೆ ದಾಖಲಿಸಬೇಕು. ಈ ಉತ್ತರ ಹೇಳುವಾಗ ವೈದ್ಯರ ಮೇಲೆ ಗೆದ್ದ ದನಿ ಬೇಡ. ಕೆಲವೊಮ್ಮೆ ಪ್ಯಾನೆಲ್‌ನಲ್ಲಿರುವ ವೈದ್ಯರೇ ಬೇಕೆಂದು ಗದರಿದಂತೆ ಮರುಪ್ರಶ್ನೆ ಹಾಕುತ್ತಾರೆ. ಆಗ ದನಿ ಏರಿಸದೆ, ಮಾತು ಹಿಂತೆಗೆದುಕೊಳ್ಳದೆ, ರೋಗಿಯ ಅಂಕಿಗಳನ್ನೇ ಮತ್ತೆ ಮುಂದಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂತೋಷವಾಗುತ್ತದೆ.

ನೀವು ಕಲಿಯದ ಕೆಲಸವನ್ನು ಹಿರಿಯರು ಮಾಡಲು ಹೇಳಿದರೆ ಎಂಬ ಪ್ರಶ್ನೆಯೂ ಇದೇ ಜಾತಿಯದು: ಒಬ್ಬಳೇ ಮಾಡಲಾರೆ, ನೀವು ಪಕ್ಕದಲ್ಲಿದ್ದು ತೋರಿಸಿದರೆ ಕಲಿಯುತ್ತೇನೆ ಎಂಬುದು ಉತ್ತರ. ನಿಮ್ಮ ದೌರ್ಬಲ್ಯವೇನು, ಐದು ವರ್ಷದ ನಂತರ ಎಲ್ಲಿರುತ್ತೀರಿ ಎಂಬ ಪ್ರಶ್ನೆಗಳಿಗೆ ಚಿಕ್ಕದಾದ, ಪ್ರಾಮಾಣಿಕವಾದ ಉತ್ತರ ಸಾಕು.

ಈಗ ಹಲವು ಅಭ್ಯರ್ಥಿಗಳು ಒಟ್ಟಿಗೆ ಕೂತ ಚರ್ಚೆಗೆ ಬರೋಣ. ನಾಲ್ವರು ರೋಗಿಗಳ ವಿವರ ಕೊಟ್ಟು ಯಾರನ್ನು ಮೊದಲು ನೋಡುತ್ತೀರಿ ಎಂದು ಕೇಳುವುದು ಎಲ್ಲೆಡೆ ಕಾಣುವ ಅಭ್ಯಾಸ. ಒಬ್ಬರಿಗೆ ಶಸ್ತ್ರಚಿಕಿತ್ಸೆಯ ನೋವು, ಔಷಧ ಕೇಳುತ್ತಿದ್ದಾರೆ. ಒಬ್ಬರಿಗೆ ರಕ್ತದ ಸಕ್ಕರೆ ಡೆಸಿಲೀಟರಿಗೆ 50 ಮಿಲಿಗ್ರಾಂಗೆ ಇಳಿದಿದೆ, ಬೆವರುತ್ತಿದ್ದಾರೆ, ಎಚ್ಚರವಿದೆ. ಒಬ್ಬರು ಬಿಡುಗಡೆಯ ಕಾಗದಕ್ಕೆ ಕಾಯುತ್ತ ಬೇಸರಗೊಂಡಿದ್ದಾರೆ. ಒಬ್ಬರ ಉಸಿರಾಟ 18ರಿಂದ 28ಕ್ಕೆ ಏರಿದೆ. ಗಾಳಿದಾರಿ, ಉಸಿರಾಟ, ರಕ್ತಪರಿಚಲನೆ ಎಂಬ ಕ್ರಮ ಕಲಿತವರು ನಾಲ್ಕನೆಯವರ ಹೆಸರು ಕೂಗುತ್ತಾರೆ. ಸಕ್ಕರೆ ಇಳಿದವರಿಗೆ ನಿಮಿಷಗಳೊಳಗೆ ಪ್ರಜ್ಞೆ ತಪ್ಪಬಹುದೆಂದು ಇನ್ನೊಬ್ಬರು ವಾದಿಸುತ್ತಾರೆ. ಹತ್ತು ನಿಮಿಷದ ಚರ್ಚೆಯಲ್ಲಿ ಎಂಟು ನಿಮಿಷ ಈ ಜಗ್ಗಾಟದಲ್ಲೇ ಮುಗಿಯುತ್ತದೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ವಾರ್ಡ್‌ನಲ್ಲಿ ಈ ಪ್ರಶ್ನೆ ಹೀಗೆ ಬರುವುದಿಲ್ಲ. ಉಸಿರಾಟ ಏರಿದ ರೋಗಿಯ ಬಳಿ ನಾನು ನಿಲ್ಲುತ್ತೇನೆ. ಎಚ್ಚರವಿದ್ದು ನುಂಗಬಲ್ಲ ರೋಗಿಗೆ ಬೇಗ ಹೀರಲ್ಪಡುವ ಸಕ್ಕರೆ 15 ಗ್ರಾಂ ಕೊಟ್ಟು 15 ನಿಮಿಷಕ್ಕೆ ಮತ್ತೆ ಪರೀಕ್ಷಿಸುವುದನ್ನು ಅದೇ ಗಳಿಗೆಯಲ್ಲಿ ಇನ್ನೊಬ್ಬ ನರ್ಸ್ ಮಾಡುತ್ತಾರೆ. ನೋವಿನ ರೋಗಿಗೆ ಎಷ್ಟು ಹೊತ್ತಾಗಬಹುದೆಂದು ಒಂದು ಮಾತು ಹೇಳಿ ಬರಲು ಸಹಾಯಕರನ್ನು ಕಳಿಸುತ್ತೇವೆ. ‘ನಮ್ಮ ಜೊತೆ ಈಗ ಯಾರು ಯಾರಿದ್ದಾರೆ?’ ಎಂದು ಚರ್ಚೆಯ ನಡುವೆ ಕೇಳಿದ ಅಭ್ಯರ್ಥಿಯೊಬ್ಬರು ನನಗೆ ನೆನಪಿದ್ದಾರೆ. ಅವರು ಹೆಚ್ಚು ಮಾತನಾಡಿದವರಲ್ಲ. ಆದರೆ ಆ ಪ್ರಶ್ನೆಯಿಂದ ಜಗ್ಗಾಟ ನಿಂತು ಕೆಲಸ ಹಂಚಿಕೊಳ್ಳುವ ಮಾತು ಆರಂಭವಾಯಿತು, ಮತ್ತು ಪ್ಯಾನೆಲ್‌ನಲ್ಲಿದ್ದ ಎಲ್ಲರ ಲೇಖನಿಗಳೂ ಒಟ್ಟಿಗೆ ಓಡಿದವು.

ಗುಂಪಿನಲ್ಲಿ ಎರಡು ಬಗೆಯ ಸೋಲುಗಳಿವೆ. ಇತರರ ಮಾತನ್ನು ತುಂಡರಿಸಿ ತಾನೇ ಮಾತನಾಡುವುದು ಒಂದು. ಇದು ಎಲ್ಲರಿಗೂ ಕಾಣುತ್ತದೆ. ಹೆಚ್ಚು ಕಾಣದ, ಹೆಚ್ಚು ಅಪಾಯಕಾರಿಯಾದದ್ದು ಇನ್ನೊಂದು: ತಪ್ಪೆಂದು ತಿಳಿದೂ ಬಹುಮತಕ್ಕೆ ತಲೆಯಾಡಿಸುವುದು. ಮನೋವಿಜ್ಞಾನಿ ಸಾಲಮನ್ ಆಶ್ 1950ರ ದಶಕದ ಆರಂಭದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಗೆರೆಯ ಉದ್ದವನ್ನು ಗುರುತಿಸುವಂಥ ಸರಳ ಪ್ರಶ್ನೆಗೂ, ಉಳಿದವರೆಲ್ಲ ಒಂದೇ ತಪ್ಪು ಉತ್ತರ ಹೇಳಿದಾಗ, ಸುಮಾರು ಮೂರನೇ ಒಂದು ಭಾಗದ ಉತ್ತರಗಳು ಗುಂಪಿನ ಕಡೆ ವಾಲಿದವು. ಜೊತೆಗೆ ಒಬ್ಬರಾದರೂ ಸರಿ ಉತ್ತರ ಹೇಳಿದಾಗ ಆ ಒತ್ತಡ ಬಹಳವಾಗಿ ಕುಸಿಯಿತು. ವಾರ್ಡ್‌ನ ರೌಂಡ್ಸ್‌ನಲ್ಲಿಯೂ ಇದೇ ಆಗುತ್ತದೆ. ‘ನಿಮ್ಮ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ಅಂಶ ಬಿಟ್ಟುಹೋಗುತ್ತಿದೆ’ ಎಂದು ಸಮಾಧಾನದಿಂದ ಹೇಳುವುದನ್ನು, ಹಾಗೆ ಹೇಳಿದ ಇನ್ನೊಬ್ಬರ ಬೆನ್ನಿಗೆ ನಿಲ್ಲುವುದನ್ನು, ಮಾತನಾಡಲು ಅವಕಾಶ ಸಿಗದವರ ಅರ್ಧಕ್ಕೆ ನಿಂತ ವಾಕ್ಯವನ್ನು ಮರಳಿ ಅವರಿಗೇ ಒಪ್ಪಿಸುವುದನ್ನು ರೂಢಿಸಿಕೊಳ್ಳಬಹುದು. ತೋರಿಕೆಗೆ ಮಾಡಿದರೆ ಮಾತ್ರ ಎದ್ದು ಕಾಣುತ್ತದೆ. ಪಕ್ಕದವರು ಏನು ಹೇಳಿದರೆಂದು ನಿಜವಾಗಿ ಕೇಳಿಸಿಕೊಂಡವರಿಗಷ್ಟೇ ಅದು ಸಹಜವಾಗಿ ಬರುತ್ತದೆ. ನಿಮಗೆ ಮೊದಲು ಉತ್ತರಿಸಿದವರು ನೀವು ಹೇಳಬೇಕೆಂದಿದ್ದನ್ನೇ ಹೇಳಿಬಿಟ್ಟರೆ ಗಾಬರಿ ಬೇಡ. ಅವರ ಮಾತನ್ನು ಒಪ್ಪಿ, ನಿಮ್ಮದೇ ಘಟನೆಯೊಂದನ್ನು ಅದಕ್ಕೆ ಸೇರಿಸಿ. ಉತ್ತರಗಳು ಒಂದೇ ಆಗಬಹುದು, ಇಬ್ಬರ ಘಟನೆಗಳು ಒಂದೇ ಆಗುವುದಿಲ್ಲ.

ಅಭ್ಯಾಸವನ್ನು ಮನಸ್ಸಿನಲ್ಲೇ ಮಾಡುವುದರಿಂದ ಪ್ರಯೋಜನ ಕಡಿಮೆ. ಮೂರು ನಾಲ್ಕು ಗೆಳೆಯರನ್ನು ಎದುರಿಗೆ ಕೂರಿಸಿ, ಒಬ್ಬರಿಗೆ ನಡುವೆ ತಡೆದು ಪ್ರಶ್ನಿಸುವಂತೆ, ಒಬ್ಬರಿಗೆ ತಲೆಯೆತ್ತದೆ ಬರೆಯುವಂತೆ ಹೇಳಿ, ಗಟ್ಟಿಯಾಗಿ ಉತ್ತರಿಸಿ. ಒಂದು ಘಟನೆ ಎರಡು ನಿಮಿಷದೊಳಗೆ ಮುಗಿಯಬೇಕು. ಫೋನ್‌ನಲ್ಲಿ ಧ್ವನಿ ಮುದ್ರಿಸಿ ಕೇಳಿಸಿಕೊಂಡರೆ ಎಲ್ಲಿ ವೇಗ ಹೆಚ್ಚುತ್ತದೆ, ಎಲ್ಲಿ ವಾಕ್ಯ ಅರ್ಧಕ್ಕೇ ಬೀಳುತ್ತದೆ ಎಂಬುದು ತಿಳಿಯುತ್ತದೆ. ಘಟನೆಗಳನ್ನು ಪದಪದವಾಗಿ ಕಲಿಯಬೇಡಿ. ಕ್ರಮವೂ ಅಂಕಿಗಳೂ ನೆನಪಿದ್ದರೆ ಪದಗಳು ಆ ಹೊತ್ತಿಗೆ ಬರುತ್ತವೆ. ಉತ್ತರವನ್ನು ಪ್ರಶ್ನೆ ಕೇಳಿದವರತ್ತ ನೋಡಿ ಆರಂಭಿಸಿ, ಉಳಿದವರತ್ತಲೂ ದೃಷ್ಟಿ ಹಾಯಿಸಿ, ಮುಗಿಸುವಾಗ ಮತ್ತೆ ಕೇಳಿದವರ ಕಡೆ ಬರುವುದು ಒಳ್ಳೆಯ ರೂಢಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ಯೋಚಿಸಲು ಕೆಲವು ಸೆಕೆಂಡು ಸುಮ್ಮನಿದ್ದರೂ ಯಾರೂ ಅಂಕ ಕಳೆಯುವುದಿಲ್ಲ.

ಕೊನೆಯಲ್ಲಿ ‘ನಿಮಗೇನಾದರೂ ಕೇಳುವುದಿದೆಯೇ?’ ಎನ್ನುತ್ತಾರೆ. ಇಲ್ಲ ಎಂದು ತಲೆಯಾಡಿಸಿ ಎದ್ದುಬಿಡುವವರನ್ನು ಕಂಡರೆ ನನಗೆ ನೋವಾಗುತ್ತದೆ, ಏಕೆಂದರೆ ಇಡೀ ಸಂದರ್ಶನದಲ್ಲಿ ಅವರ ಮುಂದಿನ ವರ್ಷದ ಬದುಕನ್ನು ನಿರ್ಧರಿಸುವ ಮಾಹಿತಿ ಸಿಗುವುದು ಆ ಎರಡು ನಿಮಿಷಗಳಲ್ಲಿ. ಹೊಸಬರ ತರಬೇತಿ ಎಷ್ಟು ವಾರ, ಒಬ್ಬರೇ ಹಿರಿಯರು ಜೊತೆಗಿರುತ್ತಾರೆಯೇ ಅಥವಾ ದಿನಕ್ಕೊಬ್ಬರು ಬದಲಾಗುತ್ತಾರೆಯೇ, ರಾತ್ರಿ ಪಾಳಿ ಯಾವಾಗ ಆರಂಭ, ಆ ಪಾಳಿಯಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು, ಬೇರೆ ವಾರ್ಡ್‌ಗೆ ಕಳಿಸುವ ಪದ್ಧತಿ ಇದೆಯೇ, ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ರೋಗಿಗಳ ಸಂಖ್ಯೆ ಕೇಳುವುದು ಸೋಮಾರಿತನದ ಗುರುತೆಂದು ಅಳುಕಬೇಕಿಲ್ಲ. ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ರೋಗಿಗಳ ಕುರಿತು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ 30 ದಿನಗಳೊಳಗೆ ಸಾವು ಸಂಭವಿಸುವ ಸಾಧ್ಯತೆ ಶೇ 7ರಷ್ಟು ಏರುವುದು ಕಂಡುಬಂದಿತ್ತು. ಈ ಪ್ರಶ್ನೆಗೆ ಪ್ಯಾನೆಲ್ ನೇರವಾಗಿ ಅಂಕಿ ಹೇಳಿದರೆ ಬರೆದುಕೊಳ್ಳಿ. ಮಾತು ತೇಲಿಸಿದರೆ ಅದನ್ನೂ ಗಮನದಲ್ಲಿಟ್ಟುಕೊಳ್ಳಿ. ಕೆಲಸ ಒಪ್ಪಿಕೊಳ್ಳಬೇಕೋ ಬೇಡವೋ ಎಂದು ನೀವು ಯೋಚಿಸುವಾಗ ಅದು ಬೇಕಾಗುತ್ತದೆ.

ಹೊರಗೆ ಬಂದ ಮೇಲೆ, ನೆನಪು ಹಸಿಯಾಗಿರುವಾಗಲೇ, ಕೇಳಿದ ಪ್ರಶ್ನೆಗಳನ್ನೂ ನೀವು ಕೊಟ್ಟ ಘಟನೆಗಳನ್ನೂ ಬರೆದಿಡಿ. ಮರುಪ್ರಶ್ನೆ ಎಲ್ಲಿ ಬಂತು ಎಂಬುದನ್ನು ಮುಖ್ಯವಾಗಿ ಗುರುತಿಸಿ, ಏಕೆಂದರೆ ನಿಮ್ಮ ಹೇಳಿಕೆಯಲ್ಲಿ ಏನೋ ಬಿಟ್ಟುಹೋದ ಕಡೆಯೇ ಸಾಮಾನ್ಯವಾಗಿ ಮರುಪ್ರಶ್ನೆ ಬರುವುದು. ಆಯ್ಕೆಯಾಗದಿದ್ದರೆ ಕಾರಣವನ್ನು ವಿನಯದಿಂದ ಕೇಳಬಹುದು. ಪ್ರಶ್ನೆವಾರು ಅಂಕ ಹಾಕಿರುವ ಕಡೆ ಎಲ್ಲಿ ಕಡಿಮೆಯಾಯಿತೆಂದು ಹೇಳುವುದು ಅವರಿಗೂ ಸುಲಭ, ಮತ್ತು ಕೇಳಿದವರಿಗೆ ಸಮಾಧಾನದಿಂದ ವಿವರಿಸುವವರು ಪ್ಯಾನೆಲ್‌ಗಳಲ್ಲಿ ಇದ್ದೇ ಇರುತ್ತಾರೆ. ಆ ಟಿಪ್ಪಣಿಯನ್ನು ಘಟನೆಗಳ ಪಕ್ಕದಲ್ಲೇ ಬರೆದುಕೊಂಡರೆ ಮುಂದಿನ ಕರೆ ಬಂದಾಗ ಎಲ್ಲಿಂದ ಆರಂಭಿಸಬೇಕೆಂದು ಯೋಚಿಸಬೇಕಾಗುವುದಿಲ್ಲ.